ನೀಲಿ ನೂಲಿನ ತೇಪೆ

ಮೂರು ತಿರುಪು ಬಿಚ್ಚಿಕೊಂಡವು; ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಬ್ರೀಜ್ ಮಿನ್ನಕ್ ಕುರ್ಚಿಯ ಮೇಲೆ ನಿಂತು, ಬೆಣ್ಣೆ ಸವರುವ ಚಾಕುವಿನ ತುದಿಯನ್ನು ತಿರುಪಿನ ತಲೆಗೆ ಒತ್ತಿ, ಹಲ್ಲು ಕಚ್ಚಿ ತಿರುವುತ್ತಿದ್ದಳು. ಅವಳಿಗೆ ಎಪ್ಪತ್ತು ದಾಟಿತ್ತು. ಕ್ಲಬ್ಬಿನ ಗೋಡೆಯ ಮೇಲಿನ ಗಾಜಿನ ಚೌಕಟ್ಟು ಒಂದೇ ಮೂಲೆಗೆ ಜೋತು ವಾಲಿತ್ತು.

"ಬೇಗ, ಬ್ರೀಜ್ ಆಂಟಿ," ಅಂದಳು ಕಿಟಕಿಯ ಬಳಿ ಕಾವಲು ನಿಂತಿದ್ದ ಗ್ರಾನ್ಯಾ. "ಹನ್ನೊಂದಕ್ಕೆ ಚರ್ಚಲ್ಲಿ ಪೂಜೆ. ಅಮ್ಮನ ಶವಪೆಟ್ಟಿಗೆ ಮುಚ್ಚೋಕೆ ಆಗ್ಲೇ ಜನ ಬಂದಿದ್ದಾರೆ."

"ಅವಸರ ಮಾಡ್ಬೇಡ ಕಣೇ. ನಿಮ್ಮಮ್ಮ ಇಷ್ಟು ವರ್ಷ ಕಾದಿದ್ದಾಳೆ, ಇನ್ನೊಂದು ಗಳಿಗೆ ಕಾಯ್ತಾಳೆ."

"ಕಾಯೋ ಹೆಂಗಸಾ ಅವಳು? ಕೆಟಲ್ ಕುದಿಯೋವರೆಗೂ ಒಂದು ಕಡೆ ಕೂತವಳಲ್ಲ."

ಬಾಗಿಲು ಕಿರ್ ಅಂದಿತು. ಇಬ್ಬರೂ ಕಲ್ಲಾದರು. ಒಳಗೆ ಬಂದವಳು ಕಾರ್ಮೆಲ್. ಈ ಕ್ಲೂನ್‌ಬ್ರಾನ್ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷ ಲಾರ್ ಹೊರನ್‌ನ ಹೆಂಡತಿ. ಶವಸಂಸ್ಕಾರದ ಕಪ್ಪು ಕೋಟು, ತೋಳಿಗೆ ಕೈಚೀಲ. ಅವಳು ಕುರ್ಚಿಯನ್ನೂ ಚಾಕುವನ್ನೂ ವಾಲಿದ ಚೌಕಟ್ಟನ್ನೂ ನೋಡಿದಳು.

"ಆ ಮೂಲೇದು ತುಕ್ಕು ಹಿಡಿದಿದೆ. ಚಾಕುಗೆ ಬಗ್ಗಲ್ಲ," ಅಂದು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಚಾಚಿದಳು. "ಲಾರ್ ಗಡ್ಡ ಹೆರೆಯೋವಾಗ ಅವನ ಸಲಕರಣೆ ಪೆಟ್ಟಿಗೆಯಿಂದ ಎತ್ಕೊಂಡು ಬಂದೆ."

ಹಿಂದಿನ ಸಂಜೆ ಗ್ರಾನ್ಯಾಳ ಅಮ್ಮ ಟೆಸ್ ಗೈನನ್‌ಳ ಮನೆಯಲ್ಲಿ ಕೊನೆಯ ದರ್ಶನಕ್ಕೆ ಊರೆಲ್ಲ ನೆರೆದಿತ್ತು. ಹಾಲ್‌ನಲ್ಲಿ ಟೆಸ್, ಬೆರಳುಗಳ ನಡುವೆ ಜಪಸರ ಸುತ್ತಿಕೊಂಡು ಮಲಗಿದ್ದಳು. ಲಾರ್ ಬಂದ. ಅವಳ ತಣ್ಣನೆಯ ಕೈ ಮುಟ್ಟಿದ, ಶಿಲುಬೆಯ ಗುರುತು ಮಾಡಿಕೊಂಡ, ಅಡುಗೆಮನೆಗೆ ಹೋಗಿ ಹ್ಯಾಮ್ ಸ್ಯಾಂಡ್‌ವಿಚ್ ಎತ್ತಿಕೊಂಡ. ಆಗ ಗ್ರಾನ್ಯಾ ಕೇಳಿದಳು: ಅಮ್ಮನ ಪೆಟ್ಟಿಗೆಯ ಮೇಲೆ ಕ್ಲಬ್ಬಿನ ಜರ್ಸಿ ಹೊದಿಸಬೇಕು, ಮೈದಾನದ ಗೇಟು ತೆಗೆದು ಒಂದು ನಿಮಿಷ ನಿಲ್ಲಿಸಬೇಕು.

ಊರಿನ ವಾಡಿಕೆಯೇ ಅದು. ಕ್ಲಬ್ಬಿಗಾಗಿ ಚಾಂಪಿಯನ್‌ಷಿಪ್ ಆಡಿದವನು ಸತ್ತರೆ ಸ್ಮಶಾನದ ದಾರಿಯಲ್ಲಿ ಮೈದಾನದ ಗೇಟು ತೆರೆದುಕೊಳ್ಳುತ್ತದೆ, ಗಂಡಸರು ಇಕ್ಕೆಲದಲ್ಲಿ ಸಾಲು ನಿಲ್ಲುತ್ತಾರೆ. ಒಂದೇ ಪಂದ್ಯದ ಕಡೆಯ ಗಳಿಗೆಯಲ್ಲಿ ಇಳಿದು, ಚೆಂಡನ್ನೇ ಮುಟ್ಟದೆ ಬಂದ ಪ್ಯಾಟ್ಸಿ ಗ್ರೋಗನ್‌ನಿಗೂ ಆ ಮರ್ಯಾದೆ ಸಿಕ್ಕಿತ್ತು.

"ನೋಡಮ್ಮ ಗ್ರಾನ್ಯಾ," ಅಂದಿದ್ದ ಲಾರ್, ತುತ್ತು ನುಂಗಿ. "ನಿಮ್ಮಮ್ಮ ಬಂಗಾರದಂಥ ಹೆಂಗಸು. ಈ ಕ್ಲಬ್ಬಿಗೆ ಅವಳು ಮಾಡಿದಷ್ಟು ಸ್ಯಾಂಡ್‌ವಿಚ್ ಯಾರೂ ಮಾಡಿಲ್ಲ. ಆದ್ರೆ ಜರ್ಸಿ ಅನ್ನೋದು ಚಾಂಪಿಯನ್‌ಷಿಪ್ ಆಡಿದೋರಿಗೆ."

"ಆಡಿದ್ಳಲ್ಲ! ಎಪ್ಪತ್ತನಾಲ್ಕರಲ್ಲಿ, ಅಖಿಲ ಐರ್ಲೆಂಡ್ ಫೈನಲ್. ಈ ಊರಿಂದ ಅಲ್ಲಿವರೆಗೆ ಹೋದ ಗಂಡಸು ಯಾರಿದ್ದಾನೆ, ತೋರಿಸು."

"ಅದು ಹುಡುಗೀರ ಆಟ ಕಣಮ್ಮ, ಕಾರ್ನಿವಲ್ ತಮಾಷೆ. ನಾನೇನು ಹೆಂಗಸರ ವಿರೋಧಿನಾ? ನನ್ನ ಮೊಮ್ಮಗಳೇ ಆಡ್ತಾಳೆ. ಈಗಿನದು ಬೇರೆ, ಆಗಿನದು ಬೇರೆ."

"ಬೇರೆ ಏನಿಲ್ಲ," ಅಂದಿದ್ದಳು ಬ್ರೀಜ್, ಒಲೆಯ ಬಳಿಯಿಂದ. "ಆಗ ನಿಮ್ಮ ಬೆವರುನಾತದ ಜರ್ಸಿ ಹಾಕ್ಕೊಂಡು ಆಡ್ತಿದ್ವಿ. ಅಷ್ಟೇ ವ್ಯತ್ಯಾಸ."

ಲಾರ್ ನಗಲಿಲ್ಲ. "ಗೇಟಿನ ಕೀಲಿ ನನ್ನ ಹತ್ರ ಇದೆ," ಅಂದು ಎದ್ದುಹೋಗಿದ್ದ.

ಕ್ಲಬ್ಬಿನ ಹಾಲಿನ ಕೀಲಿ ಮಾತ್ರ ಬ್ರೀಜ್ ಬಳಿ ಇತ್ತು. ಶನಿವಾರ ಶನಿವಾರ ನೆಲ ಒರೆಸುವವಳು ಅವಳು. ಗೋಡೆಯ ಮೇಲೆ ಯಾರಿರಬೇಕು ಅನ್ನುವುದನ್ನು ತೀರ್ಮಾನಿಸುವವರು ಒಬ್ಬರು, ಆ ಗಾಜಿನ ಧೂಳು ಒರೆಸುವವರು ಇನ್ನೊಬ್ಬರು. ಊರಿನ ಚರಿತ್ರೆಯೆಲ್ಲ ಇಷ್ಟೇ.

ನಾಲ್ಕನೆಯ ತಿರುಪು ಬಿಚ್ಚಿತು. ಮೂವರೂ ಸೇರಿ ಚೌಕಟ್ಟನ್ನು ಮೇಜಿನ ಮೇಲೆ ಇಳಿಸಿದರು. ಗಾಜಿನ ಕೆಳಗೆ ಕಡುಗೆಂಪು ಜರ್ಸಿ. ಬೆನ್ನಿನ ಮೇಲೆ ಬಿಳಿಯ ಆರು. ಹಿತ್ತಾಳೆಯ ತಗಡಿನಲ್ಲಿ 'ಫಿಂಟನ್ ಹೊರನ್, ಕೌಂಟಿ ಚಾಂಪಿಯನ್, 1977'. ಲಾರ್‌ನ ತಮ್ಮ ಅವನು. ಗೆದ್ದ ಮರುವರ್ಷವೇ ಜೌಗಿನಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತ. ಜರ್ಸಿಯ ಎಡಭುಜವನ್ನು ಒಳಕ್ಕೆ ಮಡಚಿಟ್ಟಿದ್ದರು. ಬ್ರೀಜ್ ಗಾಜು ಸರಿಸಿ ಆ ಮಡಿಕೆ ಬಿಚ್ಚಿದಳು. ಕಡುಗೆಂಪಿನ ನಡುವೆ ಒಂದು ಗೇಣು ಉದ್ದ, ಒತ್ತಾದ, ನೀಲಿ ನೂಲಿನ ತೇಪೆ.

"ಇದೇ," ಅಂದಳು. ಗ್ರಾನ್ಯಾ ಬೆರಳ ತುದಿಯಿಂದ ಅದನ್ನು ಸವರಿದಳು. ಅಮ್ಮ ಕಾಲುಚೀಲಗಳಿಗೆ ಹಾಕುತ್ತಿದ್ದ ಅದೇ ಹೆಣಿಗೆ.

"ಕೈಯಲ್ಲಿ ಹಿಡ್ಕೊಂಡು ಹೋದ್ರೆ ಚರ್ಚ್ ಬಾಗಿಲಲ್ಲೇ ಕಿತ್ಕೊಳ್ತಾರೆ," ಅಂದಳು ಕಾರ್ಮೆಲ್.

ಬ್ರೀಜ್ ಕೋಟು ಬಿಚ್ಚಿ ಎಸೆದಳು. ಜರ್ಸಿಯನ್ನು ತಲೆಯ ಮೇಲಿಂದ ಎಳೆದುಕೊಂಡಳು. ಹೊಟ್ಟೆಯ ಬಳಿ ಬಿಗಿಯಿತು. ಅದರ ಮೇಲೆ ಕೋಟು ಹಾಕಿ, ಕತ್ತಿನವರೆಗೂ ಗುಂಡಿ ಸಿಕ್ಕಿಸಿದಳು.

*

ಎಪ್ಪತ್ತನಾಲ್ಕರ ಬೇಸಿಗೆ. ಟೆಸ್‌ಗೆ ಇಪ್ಪತ್ತೆರಡು. ಹಗಲೆಲ್ಲ ಜೌಗಿನಲ್ಲಿ ಬಗ್ಗಿ, ಒಲೆಗೆ ಸೌದೆಯಂತೆ ಉರಿಸಲು ಕತ್ತರಿಸಿಟ್ಟ ಜೌಗುಮಣ್ಣಿನ ಟರ್ಫ್ ಹೆಂಟೆಗಳನ್ನು ಗಾಳಿಗೆ ಒಣಗುವಂತೆ ಗೂಡುಗೂಡಾಗಿ ನಿಲ್ಲಿಸುವ ಕೆಲಸ. ಸಂಜೆ ಅದೇ ಕರಿಗೈಯಲ್ಲಿ ಚೆಂಡು; ಇಲ್ಲಿನ ಫುಟ್‌ಬಾಲಿನಲ್ಲಿ ಕೈಗೂ ಕೆಲಸ. ಆ ವರ್ಷ ಹೆಂಗಸರಿಗೆಂದು ಮೊಟ್ಟಮೊದಲ ಚಾಂಪಿಯನ್‌ಷಿಪ್. ದೇಶಕ್ಕೆಲ್ಲ ಸೇರಿ ಎಂಟೇ ಕೌಂಟಿ ತಂಡಗಳು. ಕ್ಲೂನ್‌ಬ್ರಾನ್‌ನಿಂದ ಮೂವರು ಆಯ್ಕೆಯಾದರು: ಗೋಲಿಗೆ ಕಾರ್ಮೆಲ್, ಬಲಬದಿಗೆ ಬ್ರೀಜ್, ಹಿಂದಿನ ಸಾಲಿನ ನಡುವೆ ಆರನೇ ನಂಬರಿನ ಟೆಸ್.

ಹಾಕಿಕೊಳ್ಳಲು ಬಟ್ಟೆಯಿರಲಿಲ್ಲ. ಕ್ಲೂನ್‌ಬ್ರಾನ್ ಗಂಡಸರು ಬಹಳ ಯೋಚನೆ ಮಾಡಿ ತಮ್ಮ ಜರ್ಸಿಗಳನ್ನು ಎರವಲು ಕೊಟ್ಟರು. ಷರತ್ತು ಒಂದೇ: ಭಾನುವಾರ ಆಡಿದ್ದನ್ನು ಒಗೆದು, ಹರಿದಿದ್ದರೆ ಹೊಲಿದು, ಸೋಮವಾರ ವಾಪಸ್ಸು ಕೊಡಬೇಕು. ಮೈದಾನ ಗಂಡಸರದು, ಗೆರೆ ಎಳೆಯುವ ಸುಣ್ಣ ಗಂಡಸರದು, ಸೀಟಿ ಗಂಡಸರದು. ಬೆವರು ಮಾತ್ರ ಯಾರಪ್ಪನ ಸೊತ್ತೂ ಆಗಿರಲಿಲ್ಲ.

ಗೆರೆಯಾಚೆ ನಿಂತವರು ಸುಮ್ಮನಿರುತ್ತಿದ್ದರೇ?

"ಲೇ ಟೆಸ್, ಆಲೂಗಡ್ಡೆ ಒಲೆ ಮೇಲೆ ಬಿಟ್ಟು ಬಂದಿದ್ದೀಯಾ ಹೇಗೆ? ಸೀದ ವಾಸ್ನೆ ಬರ್ತಿದೆ!"

"ಸೀದಿರೋದು ನಿನ್ನ ಹೊಟ್ಟೆ ಕಣೋ!" ಓಡುತ್ತಲೇ ಕೂಗುತ್ತಿದ್ದಳು ಟೆಸ್.

ಫೈನಲ್ ನಡೆದದ್ದು ಪಕ್ಕದ ಕೌಂಟಿಯ ಒಂದು ಪುಟ್ಟ ಮೈದಾನದಲ್ಲಿ. ಕೊನೆಯ ಗಳಿಗೆ. ಒಂದೇ ಒಂದು ಪಾಯಿಂಟಿನ ಹಿನ್ನಡೆ; ಅಡ್ಡಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಚೆಂಡು ಹಾರಿಸಿದರೆ ಸರಿಸಮ. ಟೆಸ್ ತನ್ನ ಜಾಗ ಬಿಟ್ಟಳು. ಹಿಂದಿನ ಸಾಲಿನವಳು ಬಿಡಬಾರದ ಜಾಗ. ಚೆಂಡನ್ನು ಕೈಯಿಂದ ಕಾಲಿಗೆ, ಕಾಲಿಂದ ಕೈಗೆ ಪುಟಿಸುತ್ತ ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಮೂರನೆಯವಳು ಭುಜಕ್ಕೆ ಕೈ ಹಾಕಿದಳು. ಪರ್ರೆಂದು ಬಟ್ಟೆ ಹರಿಯಿತು. ಹರಿದ ಭುಜದಲ್ಲೇ ಟೆಸ್ ಒದ್ದಳು. ಚೆಂಡು ಅಡ್ಡಪಟ್ಟಿಗಿಂತ ಎಷ್ಟೋ ಮೇಲೆ ಹಾರಿತು, ನೇರವಾಗಿ ಹಾರಿತು. ಕಡೆಗೆ ಗಾಳಿಗೆ ತುಸು ಸರಿದು, ಕಂಬದ ಹೊರಗೆ ಬಿತ್ತು.

ಮರುವಸಂತದಲ್ಲಿ ಮದುವೆ. ಗಂಡ ಮ್ಯಾಟ್ ಒಳ್ಳೆಯವನೇ, "ಆಡಿದ್ದು ಸಾಕಲ್ವಾ ಈಗ?" ಅಂತ ಒಂದೇ ಸಲ ಕೇಳಿದ, ಅದೂ ಮೆಲ್ಲಗೆ. ಒಳ್ಳೆಯವರು ಮೆಲ್ಲಗೆ ಹಾಕಿದ ಬೀಗ ಒಡೆಯುವುದು ಕಷ್ಟ. ಆ ಮೇಲೆ ಟೆಸ್ ಒಂದು ಕಡೆ ನಿಂತದ್ದನ್ನು ಯಾರೂ ನೋಡಲಿಲ್ಲ. ಅಡುಗೆಮನೆಯ ಹೊಸ್ತಿಲಿನಿಂದ ಟರ್ಫ್ ಹೆಂಟೆಯನ್ನು ಒದ್ದು ಒಲೆಪಕ್ಕದ ಬುಟ್ಟಿಗೆ ಬೀಳಿಸುವಳು. ಬಿದ್ದರೆ ಮಾತಿಲ್ಲ. ತಪ್ಪಿದರೆ, ಸೊಂಟದ ಮೇಲೆ ಕೂಸಿದ್ದರೂ ಸರಿಯೇ, ಹೋಗಿ ಎತ್ತಿ ತಂದು ಮತ್ತೆ ಒದೆಯುವಳು.

*

ಚರ್ಚಿನ ಮೂರನೆಯ ಸಾಲಿನಲ್ಲಿ ಬ್ರೀಜ್ ಬೆವರುತ್ತಿದ್ದಳು. ಉಣ್ಣೆಯ ಹಳೆಯ ಜರ್ಸಿ ಬೆನ್ನನ್ನು ಮುಳ್ಳಿನಂತೆ ಚುಚ್ಚುತ್ತಿತ್ತು.

"ಏನೇ, ಜ್ವರಾನಾ? ಕೋಟ್ ಬಿಚ್ಚು," ಅಂದಳು ಪಕ್ಕದ ಮುದುಕಿ.

"ಬಿಚ್ಚಿದ್ರೆ ಪೂಜೆ ನಿಂತ್ಹೋಗತ್ತೆ ಕಣೇ. ಸುಮ್ನಿರು."

ಸತ್ತವಳ ಬದುಕಿನ ಗುರುತುಗಳನ್ನು ಪೀಠದ ಮುಂದೆ ತಂದಿಟ್ಟರು: ಜಪಸರ, ಹೆಣೆಯುವ ಕಡ್ಡಿ, ಒಂದು ಬ್ರೆಡ್ಡಿನ ತಟ್ಟೆ. ಫಾದರ್ ಕೊಯ್ನ್ ಒಳ್ಳೆಯ ದನಿಯಲ್ಲಿ ಹೇಳಿದರು: ಒಳ್ಳೆಯ ತಾಯಿ, ಒಳ್ಳೆಯ ಹೆಂಡತಿ, ದಣಿವರಿಯದ ಕೈಗಳು. ಕೈಗಳ ಬಗ್ಗೆ ಇನ್ನೂ ಎರಡು ಸಲ ಹೇಳಿದರು. ಟೆಸ್‌ಗೆ ಕಾಲುಗಳಿದ್ದವು ಎಂದು ಯಾರೂ ಹೇಳಲಿಲ್ಲ.

ಬ್ರೀಜ್‌ಳ ಪಾದ ಮುಂದಿನ ಬೆಂಚಿನ ಕಾಲಿಗೆ ಟಕ್ ಟಕ್ ಬಡಿಯುತ್ತಿತ್ತು. ಲಾರ್ ಎರಡು ಸಲ ತಿರುಗಿ ನೋಡಿದ.

ಹೊರಗೆ ಹನಿಮಳೆ. ಪೆಟ್ಟಿಗೆಗೆ ಹೆಗಲು ಕೊಡಲು ಆರು ಹೆಂಗಸರು ಮುಂದೆ ಬಂದಾಗ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬ್ರೀಜ್, ಗ್ರಾನ್ಯಾ, ಕಾರ್ಮೆಲ್. ಇನ್ನು ಮೂವರು ಅಕ್ಕಪಕ್ಕದ ಊರುಗಳಿಂದ ಬಂದಿದ್ದ ಅದೇ ತಂಡದ ನರೆಗೂದಲಿನವರು.

"ತೂಕ ಇದೆ ತಾಯಿ," ಅಂದ ಶವಸಂಸ್ಕಾರದ ಮೇಲ್ವಿಚಾರಕ. "ಚಕ್ರದ ಗಾಡಿ ತರಿಸ್ಲಾ?"

"ಟರ್ಫ್ ಹೊತ್ತ ಹೆಗಲಪ್ಪ ಇವು," ಅಂದಳು ಬ್ರೀಜ್. "ನೀನು ಮುಂದೆ ಹೋಗಿ ದಾರಿ ಬಿಡಿಸು."

ಎತ್ತಿದರು. ಮೊದಲ ಹೆಜ್ಜೆಗೆ ಪೆಟ್ಟಿಗೆ ಎಡಕ್ಕೆ ವಾಲಿತು. "ಎಡಗಡೆ, ನಿದ್ದೆ ಮಾಡ್ತಿದ್ದೀರಾ?" ಎಂದು ಬ್ರೀಜ್ ಗದರಿದಳು, ಮೈದಾನದಲ್ಲಿ ಗದರುತ್ತಿದ್ದ ಹಾಗೆ. ಸಮವಾಯಿತು.

ಮೈದಾನದ ಗೇಟು ಮುಚ್ಚಿತ್ತು. ಅದರ ಮುಂದೆ ಲಾರ್, ಕ್ಲಬ್ಬಿನ ಬ್ಲೇಜರ್ ತೊಟ್ಟು, ಕೈ ಕಟ್ಟಿ. ಮೆರವಣಿಗೆ ಹಾಗೇ ಮುಂದೆ ಹೋಗುತ್ತದೆಂದು ಅವನು ಎಣಿಸಿದ್ದ.

"ನಿಲ್ಸಿ," ಅಂದಳು ಬ್ರೀಜ್.

ಮೇಲ್ವಿಚಾರಕ ಗಾಬರಿಯಿಂದ ಎರಡು ಸ್ಟೂಲು ತಂದಿಟ್ಟ. ಪೆಟ್ಟಿಗೆ ಇಳಿಯಿತು. ಬ್ರೀಜ್ ಗುಂಡಿ ಬಿಚ್ಚಿದಳು. ಕೋಟು ರಸ್ತೆಗೆ ಬಿತ್ತು. ಅವಳು ಜರ್ಸಿಯನ್ನು ತಲೆಯ ಮೇಲಿಂದ ಕಿತ್ತಳು. ಕೂದಲು ಕೆದರಿ ನಿಂತಿತು. ತೆಳುಬ್ಲೌಸಿನಲ್ಲಿ ನಡುಗುತ್ತ ಅದನ್ನು ಪೆಟ್ಟಿಗೆಯ ಮೇಲೆ ಹಾಸಿ, ಆರನೇ ಅಂಕೆ ಆಕಾಶ ನೋಡುವಂತೆ ಸರಿಪಡಿಸಿದಳು.

ಲಾರ್‌ನ ಮುಖ ಬಿಳಿಚಿತು. "ಅದನ್ನ... ಎಲ್ಲಿಂದ ತಂದೆ?"

"ಗೋಡೆಯಿಂದ."

"ಕಳ್ಳಿ!"

"ಹೂಂ, ಕಳ್ಳಿನೇ. ಕಸ ಗುಡಿಸೋಕೆ ಅಂತ ಕೀಲಿ ಕೊಟ್ಟಿದ್ದು ನೀನೇ."

"ಬ್ರೀಜ್," ಅಂದ ಲಾರ್. ದನಿ ಒಡೆಯಿತು. "ಅದು ಫಿಂಟನ್ ಮೈಮೇಲಿದ್ದಿದ್ದು. ಅವನದು ಅಂತ ನನಗೆ ಉಳಿದಿರೋದು ಅದೊಂದೇ."

ಅದು ಸುಳ್ಳಲ್ಲ. ಬ್ರೀಜ್‌ಗೂ ಗೊತ್ತಿತ್ತು. ಅವಳ ದನಿಯೂ ಇಳಿಯಿತು. "ಗೊತ್ತು ಕಣೋ. ಅದಕ್ಕೇ ಕೇಳ್ತೀನಿ. ಆ ಭುಜದ ಮೇಲಿನ ತೇಪೆ ಯಾರು ಹಾಕಿದ್ದು?"

"ನಮ್ಮಮ್ಮ."

"ನಿಮ್ಮಮ್ಮ ಗುಂಡಿ ಹೊಲಿಯೋಕೂ ನನ್ನನ್ನ ಕರೀತಿದ್ರು, ಲಾರ್," ಅಂದಳು ಕಾರ್ಮೆಲ್, ಪೆಟ್ಟಿಗೆಯ ಆಚೆ ಬದಿಯಿಂದ. "ಆ ನೀಲಿ ನೂಲು ಟೆಸ್ ತಂಗಿಯ ಸ್ಕೂಲ್ ಸ್ವೆಟರಿಂದು. ಕೆಂಪು ಸಿಕ್ಲಿಲ್ಲ."

"ನೀನು ಮಧ್ಯ ಬರಬೇಡ."

"ಮಧ್ಯ ಬರಬೇಡ ಅಂದ್ರೆ? ಗೋಲ್‌ನಲ್ಲಿ ನಿಂತಿದ್ದವಳು ನಾನು. ನೀನು ಗೆರೆ ಪಕ್ಕ ನಿಂತು ಆಲೂಗಡ್ಡೆ ಜೋಕ್ ಹೊಡೆದವನು. ನಿನಗೆ ಎಲ್ಲಾ ಗೊತ್ತಿತ್ತು. ಮರೆಯೋದು ಅನುಕೂಲ ಆಯ್ತು, ಮರೆತೆ." ಅವಳು ಉಸಿರು ಎಳೆದುಕೊಂಡಳು. "ಫಿಂಟನ್ ಮರೆತಿರಲಿಲ್ಲ."

*

ಫೈನಲ್ ಮುಗಿದ ಸೋಮವಾರ ಬೆಳಗ್ಗೆ ಜರ್ಸಿಗಳನ್ನು ಒಯ್ಯಲು ಫಿಂಟನ್ ಬಂದಿದ್ದ. ಇನ್ನೂ ಮೀಸೆ ಸರಿಯಾಗಿ ಬಾರದ ವಯಸ್ಸು. ಟೆಸ್‌ಳ ಅಂಗಳದ ಹಗ್ಗದ ಮೇಲೆ ಕಡುಗೆಂಪು ಸಾಲು ಗಾಳಿಗೆ ಹೊಡೆದಾಡುತ್ತಿತ್ತು. ಕಾರ್ಮೆಲ್ ಕ್ಲಿಪ್ಪು ಬಿಚ್ಚುತ್ತಿದ್ದಳು. ಆರನೆಯದು ಮಾತ್ರ ಟೆಸ್‌ಳ ಮಡಿಲಲ್ಲಿತ್ತು; ಅವಳು ಕಡೆಯ ನೂಲನ್ನು ಹಲ್ಲಿನಿಂದ ಕಡಿಯುತ್ತಿದ್ದಳು.

"ನೀಲಿ ಯಾಕೆ?" ಅಂದ ಫಿಂಟನ್.

"ಬೇರೆ ಇರ್ಲಿಲ್ಲ. ಬೇಡ ಅಂದ್ರೆ ಬಿಚ್ಚಿ ನಿನಗೆ ಬೇಕಾದ ಬಣ್ಣ ಹಾಕ್ಕೋ. ಸೂಜಿ ಹಿಡಿಯೋಕೆ ಬರತ್ತಾ?"

ಅವನು ಹೆಬ್ಬೆರಳಿನಿಂದ ತೇಪೆಯನ್ನು ಒತ್ತಿ ನೋಡಿದ. "ಎಷ್ಟರಲ್ಲಿ ತಪ್ಪಿತು?"

ಟೆಸ್ ಮುಷ್ಟಿ ಕಟ್ಟಿ ಅವನ ಮುಖದ ಮುಂದೆ ಹಿಡಿದಳು.

"ಇಷ್ಟೇನಾ?"

"ಇಷ್ಟೇ."

ಉಳಿದವನ್ನು ಚೀಲಕ್ಕೆ ತುಂಬಿಕೊಂಡ. ಆರನೆಯದನ್ನು ಚೀಲಕ್ಕೆ ಹಾಕಲಿಲ್ಲ, ಸೈಕಲ್ಲಿನ ಹಿಡಿಯ ಮೇಲೆ ಹಾಕಿಕೊಂಡು ಹೋದ. ಮೂರು ವರ್ಷದ ಮೇಲೆ ಕ್ಲಬ್ಬಿಗೆ ಹೊಸ ಜರ್ಸಿ ಬಂದಾಗಲೂ ಅವನು ಅದನ್ನು ಬಿಡಲಿಲ್ಲ. ತಂಡದವರು ಗೇಲಿ ಮಾಡಿದರು. "ಇದಕ್ಕೆ ಒಂದು ಪಾಯಿಂಟ್ ಬಾಕಿ ಇದೆ," ಅಂದನಂತೆ.

*

"ಸಾಕು," ಅಂದ ಲಾರ್.

ಒಂದು ಪಾಯಿಂಟಿನ ಬಾಕಿಯ ಆ ಮಾತನ್ನು ಅವನು ಫಿಂಟನ್‌ನ ಬಾಯಲ್ಲೇ ಕೇಳಿದ್ದ. ಆಗ ನಕ್ಕಿದ್ದ. ಈಗ ಜೇಬಿನಲ್ಲಿ ಕೈಯಾಡಿಸಿದ. ಕೀಲಿಗೊಂಚಲು ಹೊರಬಂತು. ತಾನಾಗಿ ಗೇಟು ತೆರೆಯಲಿಲ್ಲ. ಗೊಂಚಲನ್ನು ಕಾರ್ಮೆಲ್‌ಳ ಕಡೆ ಎಸೆದ. ಗೋಲಿನಲ್ಲಿ ನಿಂತವಳು, ಒಂದೇ ಕೈಯಲ್ಲಿ ಹಿಡಿದಳು.

"ಗುಂಡಿಗೆ ಇಳಿಸೋಕ್ ಮುಂಚೆ ಜರ್ಸಿ ನನಗೆ ವಾಪಸ್ ಬೇಕು," ಅಂದ.

"ಬರತ್ತೆ," ಅಂದಳು ಬ್ರೀಜ್. "ನಾವು ಯಾವತ್ತು ಉಳಿಸ್ಕೊಂಡಿದ್ದೀವಿ?"

ಗೇಟು ಕಿರುಗುಟ್ಟಿ ತೆರೆಯಿತು. ಒದ್ದೆ ಹುಲ್ಲು, ಬಿಳಿಗಂಬಗಳು. ಹಿಂದಿನಿಂದ ಒಬ್ಬ ಮುದುಕ ಟೋಪಿ ತೆಗೆದು ಬಂದು ಗೇಟಿನ ಪಕ್ಕ ನಿಂತ. ಇನ್ನೊಬ್ಬ ಬಂದ. ಒಬ್ಬರ ಎದುರಿಗೆ ಒಬ್ಬರಂತೆ ಕೆಲವರು ಸಾಲು ನಿಂತರು. ಕೆಲವರು ರಸ್ತೆಯಾಚೆಯೇ ಉಳಿದು ಫೋನು ನೋಡಿಕೊಂಡರು. ಒಂದು ನಿಮಿಷ ಕಳೆಯಿತು. ಗ್ರಾನ್ಯಾ ಅಳಲಿಲ್ಲ, ಕಂಬಗಳನ್ನೇ ದಿಟ್ಟಿಸುತ್ತ, ಮುಷ್ಟಿಯನ್ನು ಕಟ್ಟುತ್ತ ಬಿಚ್ಚುತ್ತ ನಿಂತಿದ್ದಳು.

ಸ್ಮಶಾನದ ದಾರಿ ಮಳೆಗೆ ಕಲಸಿಹೋಗಿತ್ತು. ಈ ಸೀಮೆಯ ಮಣ್ಣು ಕಪ್ಪು, ಜಿಗುಟು. ಒಮ್ಮೆ ಹಿಡಿದರೆ ಬಿಡದು. ನೆರೆಯವರು ಅಗೆದ ಗುಂಡಿಯ ಅಂಚಿನಲ್ಲಿ ಕಾರ್ಮೆಲ್‌ಳ ಕಾಲು ಜಾರಿತು. ಪೆಟ್ಟಿಗೆ ಓಲಾಡಿತು. "ಹಿಡೀರೇ!" ಆರು ಜನವೂ ಒಂದೊಂದು ಕೈ ನೆಲಕ್ಕೆ ಊರಿ, ಮಂಡಿಯೂರಿ ಅದನ್ನು ಹಲಗೆಯ ಮೇಲೆ ಕೂರಿಸಿದರು. ಜಾರುತ್ತಿದ್ದ ಜರ್ಸಿಯನ್ನು ಸಿಕ್ಕ ಸಿಕ್ಕ ಕೈಗಳು ಒತ್ತಿ ಹಿಡಿದವು.

ಜಪ ಮುಗಿಯಿತು. ಬ್ರೀಜ್ ಜರ್ಸಿಯನ್ನು ಎತ್ತಿದಳು. ಬಿಳಿಯ ಆರರ ಮೇಲೆ, ತೋಳಿನ ಮೇಲೆ, ನೀಲಿ ತೇಪೆಯ ಮೇಲೆ, ಎಲ್ಲೆಲ್ಲೂ ಕೆಸರಿನ ಬೆರಳುಗಳು. ಮಡಚದೆ ಹಾಗೇ ಲಾರ್‌ನ ಕೈಗೆ ಹಾಕಿದಳು.

"ಎಪ್ಪತ್ತನಾಲ್ಕರಲ್ಲಿ ಒಗೆದು, ಹೊಲಿದು, ಸೋಮವಾರ ಕೊಡಿ ಅಂದಿದ್ರಿ. ಕೊಟ್ವಿ. ಈ ಸಲ ಒಗೆಯಲ್ಲ."

ಲಾರ್ ಹೆಂಡತಿಯ ಕಡೆ ತಿರುಗಿದ.

"ನನ್ನ ಮುಖ ಏನ್ ನೋಡ್ತೀಯಾ?" ಅಂದಳು ಕಾರ್ಮೆಲ್, ಮಂಡಿಯ ಕೆಸರು ಒರೆಸಿಕೊಳ್ಳದೆ. "ವಾಷಿಂಗ್ ಮಷೀನ್ ಎಲ್ಲಿದೆ ಅಂತ ಗೊತ್ತಿದ್ರೆ, ಹೋಗು."

ಹಗ್ಗ ಸಡಿಲಿತು. ಟೆಸ್ ಇಳಿದಳು.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಕ್ಲಬ್ಬಿನ ಹಾಲಿಗೆ ಬಂದರು. ಸೂಪು, ಚಹಾ, ಒದ್ದೆ ಕೋಟುಗಳ ವಾಸನೆ. ಈ ಸಲ ಸ್ಯಾಂಡ್‌ವಿಚ್ ಕಡಿಮೆ ಬಿದ್ದವು, ಮಾಡುವವಳು ಇರಲಿಲ್ಲ. ಲಾರ್ ಬಚ್ಚಲಿನ ನಲ್ಲಿಯ ಮುಂದೆ ಜರ್ಸಿ ಹಿಡಿದು ಬಹಳ ಹೊತ್ತು ನಿಂತಿದ್ದ, ನೀರು ಸುರಿಯುತ್ತಿತ್ತು. ನಲ್ಲಿ ನಿಲ್ಲಿಸಿ, ಒಗೆಯದೆ ಹಾಗೇ ಹೊರಗೆ ಬಂದ.

ಮೇಜಿನ ಮೇಲಿದ್ದ ಚೌಕಟ್ಟಿನಲ್ಲಿ ಜರ್ಸಿಯನ್ನು ಹಾಸಿದ. ಅಭ್ಯಾಸದ ಕೈ ಎಡಭುಜವನ್ನು ಒಳಕ್ಕೆ ಮಡಚಿತು. ಕೈ ಅಲ್ಲೇ ನಿಂತಿತು. ಮಡಿಕೆಯನ್ನು ಬಿಚ್ಚಿದ. ತಿರುಪುಗಳನ್ನು ಒಟ್ಟುಮಾಡಿ ಸುತ್ತ ನೋಡಿದ. ಕಾರ್ಮೆಲ್ ಚಹಾ ಕುಡಿಯುತ್ತಲೇ ಸ್ಕ್ರೂಡ್ರೈವರನ್ನು ಮೇಜಿನುದ್ದಕ್ಕೂ ಉರುಳಿಸಿದಳು.

ಗೋಡೆಯ ಮೇಲೆ ಫಿಂಟನ್‌ನ ಹೆಸರಿನ ತಗಡು ಹೊಳೆಯುತ್ತಿತ್ತು. ಅದರ ಮೇಲೆ ಕೆಸರಿನ ಜರ್ಸಿ, ಮೊದಲ ಸಲ ಎರಡೂ ಭುಜ ಚಾಚಿ. ಬ್ರೀಜ್ ಅಭ್ಯಾಸದಂತೆ ತೋಳಿನಿಂದ ಗಾಜನ್ನು ಒರೆಸಲು ಹೋದಳು. ಒರೆಸಿದರೂ ಮಂಜು ಹೋಗಲಿಲ್ಲ. ಒದ್ದೆ ಬಟ್ಟೆಯ ಹಬೆ ಒಳಗಿನಿಂದ ಏರುತ್ತಿತ್ತು. ಈಗಷ್ಟೇ ಓಡಿ ಬಂದು ನಿಂತ ಯಾರೋ ಬಾಯಿ ಹತ್ತಿರ ತಂದಂತೆ, ಗಾಜು ಮತ್ತೆ ಮತ್ತೆ ಮಸುಕಾಗುತ್ತಿತ್ತು.